ದಾಸವಾಳದ ಟೊಂಗೆಯಲ್ಲಿ ಹಳದಿ ಮುದ್ದೆ

ಪ್ರಶ್ನೆ: ಡಾಕ್ಟ್ರೇ, ಹಿತ್ತಲ ದಾಸವಾಳದ ಟೊಂಗೆಯಲ್ಲಿ ಸಾಸಿವೆಗಿಂತ ಚಿಕ್ಕ ಹಳದಿ ಹುಳುಗಳು ನೂರಾರು ಮುದ್ದೆಗಟ್ಟಿ ಕೂತಿದ್ದವು. ಆರು ವರ್ಷದ ಮಗಳು ಕಡ್ಡಿ ತಾಗಿಸಿದ್ದೇ ತಡ, ದಿಕ್ಕಾಪಾಲಾಗಿ ಚೆದುರಿ, ಸ್ವಲ್ಪ ಹೊತ್ತಿಗೆ ಮತ್ತೆ ಒಂದಾದವು. ಕೆಲವು ಅವಳ ಕೈಮೇಲೂ ಹರಿದವು. ಜೇಡ ಉಚ್ಚೆ ಹೊಯ್ದರೆ ಸರ್ಪಸುತ್ತು ಬರುತ್ತದೆಂದು ಅತ್ತೆ ಹೆದರಿದ್ದಾರೆ. ಸೀಮೆಎಣ್ಣೆ ಹಾಕಿ ಸುಡಲೇ?
– ಗೃಹಿಣಿ, ಹೊಸನಗರ

ಉತ್ತರ: ಸುಡಬೇಡಿ ತಾಯಿ. ಚೆದುರಿ ಮತ್ತೆ ಕೂಡಿದವು ಎಂದಿರಲ್ಲ, ಅದೇ ಗುರುತು. ಅವು ಆಗತಾನೇ ಮೊಟ್ಟೆಚೀಲದಿಂದ ಹೊರಬಂದ ಜೇಡನ ಮರಿಗಳು. ಬಿಸಿಲಿಗೆ ಓರೆಯಾಗಿ ನೋಡಿ, ಮುದ್ದೆಯ ಸುತ್ತ ಕೂದಲಿಗಿಂತ ನವಿರಾದ ಎಳೆಗಳು ಹೊಳೆಯುತ್ತವೆ. ಮರಿಗಳು ಓಡಾಡುವುದು ಆ ಎಳೆಗಳ ಮೇಲೆಯೇ. ಮೊಟ್ಟೆಯಿಂದ ಹೊಟ್ಟೆಯಲ್ಲಿ ಉಳಿದುಬಂದ ಆಹಾರವೇ ಕೆಲವು ದಿನಕ್ಕೆ ಸಾಕು. ಆಮೇಲೆ ಪೊರೆ ಕಳಚಿ, ಟೊಂಗೆಯ ತುದಿಗೇರಿ, ಹಿಂಭಾಗ ಎತ್ತಿ ಎಳೆ ಬಿಟ್ಟು ಗಾಳಿಯಲ್ಲಿ ತೇಲಿಹೋಗುತ್ತವೆ. ಇಷ್ಟು ಎಳೆಯ ಮರಿಯ ಹಲ್ಲು ನಮ್ಮ ಚರ್ಮಕ್ಕೆ ಇಳಿಯುವುದಿಲ್ಲ. ಮಗುವಿನ ಕೈಯನ್ನು ಸೋಪು ಹಚ್ಚಿ ತೊಳೆದರೆ ಆಯಿತು.

ಸರ್ಪಸುತ್ತಿಗೂ ಜೇಡಕ್ಕೂ ಸಂಬಂಧವೇ ಇಲ್ಲ. ಹಿಂದೆಂದೋ ಬಂದ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು, ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಏಳುವ ಗುಳ್ಳೆಗಳವು. 72 ಗಂಟೆಯೊಳಗೆ ಔಷಧ ಶುರುವಾದರೆ ಒಳ್ಳೆಯದು. ಜೇಡನನ್ನು ದೂರುತ್ತಾ, ಮಂತ್ರ ಹಾಕಿಸುತ್ತಾ ಆ ಮೂರು ದಿನ ಕಳೆದುಕೊಂಡು ಬರುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನಿಮ್ಮ ಸೀಮೆಯಲ್ಲಿ ನೀವು ಹೆದರಬೇಕಾದ ಗುಂಪು ಬೇರೆ ಇದೆ. ಹುಲ್ಲಿನ ತುದಿಗೋ ಎಲೆಗೋ ಕಂದು ಪುಡಿ ಮೆತ್ತಿದಂತೆ ಕಂಡು, ಸುತ್ತ ಒಂದು ಎಳೆಯೂ ಇಲ್ಲದಿದ್ದರೆ ಅದು ಉಣುಗಿನ ಮರಿಗಳ ಗುಂಪಿರಬಹುದು. ಹಸುವೋ ಮನುಷ್ಯರೋ ಸವರಿಕೊಂಡು ಹೋದರೆ ಗುಂಪಾಗಿ ಹತ್ತಿಬಿಡುತ್ತವೆ. ಕಾಲು ಎಣಿಸಿ ಗುರುತಿಸುತ್ತೇನೆಂದು ಹೊರಡಬೇಡಿ. ಎಳೆಯ ಉಣುಗಿಗೆ ಆರೇ ಕಾಲಿದ್ದರೂ ಮುಂದಿನ ಹಂತದಲ್ಲಿ ಅದಕ್ಕೂ ಜೇಡನಂತೆ ಎಂಟಾಗುತ್ತದೆ. ಮಂಗನ ಕಾಯಿಲೆ ಅಂಟಿಸುವುದರಲ್ಲಿ ಈ ಎಂಟು ಕಾಲಿನ ಮರಿ ಉಣುಗಿನದೇ ದೊಡ್ಡ ಪಾಲು. 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾದದ್ದು ನಿಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ.

ಸೊಪ್ಪು, ದರಗು ತರಲು ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದೊಡನೆ ಬಿಸಿನೀರಿನಲ್ಲಿ ಮಿಂದು, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ತಡವಿ ನೋಡಿ. ಬೇಸಿಗೆ ಮುಗಿಯುವವರೆಗೆ ಮನೆಯಲ್ಲಿ ಯಾರಿಗೇ ತಟ್ಟನೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೂ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, ಕಾಡಿಗೆ ಹೋಗಿದ್ದ ವಿಷಯವನ್ನು ಮೊದಲೇ ಹೇಳಿ.