ಗಾಡಿಯ ‘ಕ್ರಾಸ್’ ಸವೆದದ್ದು ತಿಳಿಯುವುದು ಹೇಗೆ? ಬದಲಿಸುವುದು ಹೇಗೆ?



ನಮ್ಮ ಹೊಸರಿತ್ತಿ ಕಡೆಯಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಹೋಗುವ ಪಿಕಪ್ ಗಾಡಿಗಳನ್ನು ನೀವೆಲ್ಲರೂ ನೋಡಿದ್ದೀರಿ. ಆ ಗಾಡಿಯ ಹೊಟ್ಟೆಯ ಕೆಳಗೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಕ್ಕಿನ ಸಾಮಾನು ಒಂದಿದೆ. ಅದು ಮುರಿದರೆ ತುಂಬಿದ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಕೆಲವೊಮ್ಮೆ ಜೀವಕ್ಕೇ ಅಪಾಯ. ಅದರ ಹೆಸರು ಯೂನಿವರ್ಸಲ್ ಜಾಯಿಂಟ್. ಗ್ಯಾರೇಜಿನಲ್ಲಿ ‘ಕ್ರಾಸ್’ ಅಂತಾರೆ. ನಮ್ಮ ಕಾಕಾ ಗಾಡಿ ರಿಪೇರಿ ಮಾಡುವ ಮಿಸ್ತ್ರಿ. ರಜೆಯಲ್ಲಿ ಅವರ ಕೈಗೆ ಪಾನಾ ಕೊಡುತ್ತ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕ್ರಾಸ್ ಎಂದರೇನು?

ಪಿಕಪ್ ಗಾಡಿಯಲ್ಲಿ ಇಂಜಿನ್ ಮುಂದೆ ಇರುತ್ತದೆ, ಗಾಡಿಯನ್ನು ತಳ್ಳುವುದು ಹಿಂದಿನ ಗಾಲಿ. ಗೇರ್ ಬಾಕ್ಸಿನಿಂದ ಹಿಂದಿನ ಗಾಲಿಯವರೆಗೆ ತಿರುಗುವ ಬಲವನ್ನು ಒಯ್ಯುವ ಉದ್ದನೆಯ ಕೊಳವೆಗೆ ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ರಸ್ತೆಯಲ್ಲಿ ತಗ್ಗು ದಿನ್ನೆ ಬಂದಾಗ ಹಿಂದಿನ ಗಾಲಿ ಮೇಲೆ ಕೆಳಗೆ ಕುಣಿಯುತ್ತದೆ, ಗೇರ್ ಬಾಕ್ಸ್ ಇದ್ದಲ್ಲೇ ಇರುತ್ತದೆ. ಹಾಗಾದರೆ ನಡುವಿನ ಶಾಫ್ಟ್ ತಿರುಗುತ್ತಲೂ ಇರಬೇಕು, ಬಾಗುತ್ತಲೂ ಇರಬೇಕು. ಈ ಎರಡೂ ಕೆಲಸ ಮಾಡಿಸುವುದೇ ಕ್ರಾಸ್.

ಕವಣೆಯ ಕವಲಿನಂಥ ಎರಡು ತುಂಡುಗಳನ್ನು ಎದುರುಬದುರು ಹಿಡಿಯಿರಿ. ಒಂದನ್ನು ನೆಟ್ಟಗೆ, ಇನ್ನೊಂದನ್ನು ಅಡ್ಡ. ನಡುವೆ ಕೂಡಿಸುವ ಚಿಹ್ನೆಯ (+) ಆಕಾರದ ಉಕ್ಕಿನ ತುಂಡು ಕೂಡಿಸಿರಿ. ಅದರ ನಾಲ್ಕು ತೋಳುಗಳ ಮೇಲೆ ನಾಲ್ಕು ಸಣ್ಣ ಬಟ್ಟಲು ಇರುತ್ತವೆ. ಬಟ್ಟಲಿನ ಒಳಗೆ ಸುತ್ತಲೂ ಸೂಜಿಯಂಥ ತೆಳ್ಳನೆಯ ಉರುಳೆಗಳು. ಇವೇ ಸೂಜಿ ಬೇರಿಂಗ್.

ಇದು ಬಹಳ ಹಳೆಯ ಉಪಾಯ. ಇಟಲಿಯ ಗಣಿತಜ್ಞ ಕಾರ್ಡಾನೊ (1501–1576) ಅವರ ಹೆಸರಿನಿಂದ ಇದನ್ನು ಕಾರ್ಡನ್ ಜಾಯಿಂಟ್ ಎನ್ನುತ್ತಾರೆ. ಹುಕ್ ಜಾಯಿಂಟ್ ಎಂಬ ಹೆಸರೂ ಇದೆ. ಯಾವ ಹುಕ್ ಗೊತ್ತೇ? 1665ರಲ್ಲಿ ಬೆಂಡಿನ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜೀವಕೋಶಕ್ಕೆ ಹೆಸರು ಕೊಟ್ಟರೆಂದು ವಿಜ್ಞಾನ ಪಾಠದಲ್ಲಿ ಓದುವ ಅದೇ ರಾಬರ್ಟ್ ಹುಕ್!

ಏಕೆ ಸವೆಯುತ್ತದೆ?

ಗಾಲಿಯ ಬೇರಿಂಗ್ ಪೂರ್ತಿ ಸುತ್ತುತ್ತದೆ. ಕ್ರಾಸಿನ ಸೂಜಿಗಳು ಹಾಗಲ್ಲ, ಇದ್ದಲ್ಲೇ ಸ್ವಲ್ಪ ಹಿಂದೆ ಮುಂದೆ ಹೊರಳುತ್ತವೆ ಅಷ್ಟೇ. ಆದ್ದರಿಂದ ಭಾರವೆಲ್ಲ ಅದೇ ಜಾಗಕ್ಕೆ ಬಿದ್ದು ತೋಳಿನ ಮೇಲೆ ಗೆರೆ ಮೂಡುತ್ತದೆ. ಗ್ರೀಸ್ ಇದ್ದರೆ ಇದು ನಿಧಾನ. ವರದಾ ದಂಡೆಯ ಎರೆಹೊಲದ ಕೆಸರು ನೀರು ಒಳಗೆ ಹೊಕ್ಕರೆ ಗ್ರೀಸ್ ಕೆಡುತ್ತದೆ, ತುಕ್ಕು ಹಿಡಿಯುತ್ತದೆ, ಸವೆತ ಓಡುತ್ತದೆ.

ಗುರುತುಗಳು

1. ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ಕೆಳಗಿನಿಂದ ‘ಟಣ್’ ಎಂಬ ಸಪ್ಪಳ. ಮುಂದೆ ಹೋಗಿ ರಿವರ್ಸ್ ಹಾಕಿದಾಗ ಇನ್ನೂ ಜೋರು.
2. ನಿಧಾನವಾಗಿ ಹೋಗುವಾಗ ಗುಬ್ಬಿ ಕೂಗಿದಂತೆ ‘ಕಿರ್ ಕಿರ್’. ಗಾಡಿ ಓಡಿದಷ್ಟೂ ಸಪ್ಪಳವೂ ಬೇಗ ಬೇಗ. ಇದು ಗ್ರೀಸ್ ಒಣಗಿದ ಗುರುತು.
3. ವೇಗ ಹೆಚ್ಚಿದಾಗ ಸೀಟಿನ ಕೆಳಗೆ ನಡುಕ.
4. ಬಟ್ಟಲುಗಳ ಸುತ್ತ ಕೆಂಪು ಪುಡಿ. ಅದು ಧೂಳಲ್ಲ, ತುಕ್ಕು.

ಈಗ ಕೈಯಿಂದ ಪರೀಕ್ಷೆ. ಗಾಡಿ ಸಪಾಟು ನೆಲದ ಮೇಲಿರಬೇಕು. ಇಂಜಿನ್ ಬಂದ್, ಚಾವಿ ನಮ್ಮ ಕಿಸೆಯಲ್ಲಿ, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು, ಆಮೇಲೆ ನ್ಯೂಟ್ರಲ್. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಹೋಗಲೇಬಾರದು. ಕ್ರಾಸಿನ ಆ ಕಡೆ ಒಂದು ಕೈ, ಈ ಕಡೆ ಒಂದು ಕೈ ಹಿಡಿದು ಎದುರು ದಿಕ್ಕಿಗೆ ತಿರುವಿ ನೋಡಬೇಕು. ಮೇಲೆ ಕೆಳಗೂ ಅಲುಗಿಸಬೇಕು. ಒಂದು ಕವಲು ಅಲುಗಿ ಇನ್ನೊಂದು ಸುಮ್ಮನಿದ್ದರೆ ಕ್ರಾಸ್ ಸವೆದಿದೆ. ಎರಡೂ ಕವಲು ಕೂಡಿಯೇ ಸ್ವಲ್ಪ ತಿರುಗಿದರೆ ಆ ಸಡಿಲು ಕ್ರಾಸಿನದಲ್ಲ, ಒಳಗಿನ ಗೇರುಗಳದು. ಈ ವ್ಯತ್ಯಾಸ ತಿಳಿಯದಿದ್ದರೆ ಸುಮ್ಮನೆ ರೊಕ್ಕ ದಂಡ.

ಬದಲಿಸುವ ಕ್ರಮ

1. ಶಾಫ್ಟ್ ಬಿಚ್ಚಿದ ಮೇಲೆ ಗೇರ್ ಹಾಕಿ ನಿಲ್ಲಿಸಿದರೂ ಗಾಡಿ ಉರುಳುತ್ತದೆ, ಏಕೆಂದರೆ ಇಂಜಿನ್ನಿಗೂ ಗಾಲಿಗೂ ಸಂಬಂಧವೇ ತಪ್ಪಿರುತ್ತದೆ. ಆದ್ದರಿಂದ ಗಾಲಿಗೆ ಕೊಟ್ಟ ಕಲ್ಲು ತೆಗೆಯಬಾರದು.

2. ಬಿಚ್ಚುವ ಮೊದಲೇ ಎಲ್ಲ ಕೂಡುವ ಜಾಗಗಳಲ್ಲಿ ಬಣ್ಣದಿಂದ ಗೆರೆ ಎಳೆಯಬೇಕು. ಕಾರಣ ಕೇಳಿರಿ. ಬಾಗಿದ ಕ್ರಾಸ್ ತಿರುಗುವಾಗ ಆಚೆ ಕಡೆಯ ವೇಗ ಒಂದೇ ಸಮ ಇರುವುದಿಲ್ಲ. 10 ಡಿಗ್ರಿ ಬಾಗು ಇದ್ದು ಈ ಕಡೆ ನಿಮಿಷಕ್ಕೆ 1000 ಸುತ್ತಿನ ವೇಗವಿದ್ದರೆ, ಆ ಕಡೆಯ ವೇಗ ಸುಮಾರು 985ರಿಂದ 1015ರವರೆಗೆ ಪ್ರತಿ ಸುತ್ತಿಗೆ ಎರಡು ಸಲ ಏರಿಳಿಯುತ್ತದೆ. ಶಾಫ್ಟಿನ ಎರಡನೇ ತುದಿಯ ಕ್ರಾಸ್ ಇದೇ ಏರಿಳಿತವನ್ನು ತಿರುಗಾ ಸರಿಮಾಡುತ್ತದೆ. ಆದರೆ ಶಾಫ್ಟಿನ ಎರಡೂ ತುದಿಯ ಕವಲುಗಳು ಒಂದೇ ನೇರಕ್ಕೆ ಇದ್ದರೆ ಮಾತ್ರ. ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ಹೊಸ ಕ್ರಾಸ್ ಹಾಕಿದ ಗಾಡಿ ನಡುಗುತ್ತದೆ.

3. ಬೋಲ್ಟ್ ಬಿಚ್ಚಿ, ಶಾಫ್ಟನ್ನು ಜೋತು ಬೀಳಲು ಬಿಡದೆ ಹಿಡಿದು ಇಳಿಸಬೇಕು.

4. ಬಟ್ಟಲು ಹೊರಗೆ ಬಾರದಂತೆ ತಡೆಯುವ ಸರ್ಕ್ಲಿಪ್‌ಗಳನ್ನು ತೆಗೆಯಬೇಕು. ವೈಸಿನಲ್ಲಿ ಒಂದು ಕಡೆ ಸಣ್ಣ ಸಾಕೆಟ್, ಇನ್ನೊಂದು ಕಡೆ ದೊಡ್ಡ ಸಾಕೆಟ್ ಇಟ್ಟು ಬಿಗಿದರೆ ಸಣ್ಣದು ತಳ್ಳುತ್ತದೆ, ಹೊರಬಂದ ಬಟ್ಟಲು ದೊಡ್ಡದರೊಳಗೆ ಬೀಳುತ್ತದೆ.

5. ಕವಲಿನ ತೂತುಗಳನ್ನು ಒರೆಸಿ, ತುಕ್ಕು ತೆಗೆದು, ಹೊಸ ಕ್ರಾಸ್ ಕೂಡಿಸಬೇಕು. ಸೂಜಿಗಳು ಗ್ರೀಸಿಗೆ ಅಂಟಿಕೊಂಡು ಸಾಲಾಗಿ ನಿಂತಿರಬೇಕು. ಒಂದೇ ಒಂದು ಸೂಜಿ ಬಟ್ಟಲಿನ ತಳಕ್ಕೆ ಬಿದ್ದರೂ ಬಟ್ಟಲು ಪೂರ್ತಿ ಒಳಗೆ ಹೋಗುವುದಿಲ್ಲ, ಸರ್ಕ್ಲಿಪ್ ತನ್ನ ಗಾಡಿನಲ್ಲಿ ಕೂಡುವುದಿಲ್ಲ. ಆಗ ಸುತ್ತಿಗೆಯಿಂದ ಜಬರ್ದಸ್ತಿ ಮಾಡದೆ, ತೆಗೆದು ನೋಡಬೇಕು.

6. ಗ್ರೀಸ್ ನಿಪ್ಪಲ್ ಗನ್ ಮುಟ್ಟುವ ದಿಕ್ಕಿಗೆ ಇರಲಿ. ಜೋಡಿಸಿದ ಮೇಲೆ ಕ್ರಾಸ್ ನಾಲ್ಕೂ ಕಡೆ ಕೈಯಿಂದ ಸರಾಗವಾಗಿ ಬಾಗಬೇಕು.

7. ನಾಲ್ಕೂ ಬಟ್ಟಲುಗಳ ಅಂಚಿನಿಂದ ಹೊರಗೆ ಕಾಣುವವರೆಗೆ ಗ್ರೀಸ್ ಹೊಡೆಯಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದು ಒಣಗಿಯೇ ಇದೆ ಎಂದರ್ಥ.

8. ಗೆರೆ ಕೂಡಿಸಿ ಶಾಫ್ಟ್ ಏರಿಸಿ ಬೋಲ್ಟ್ ಬಿಗಿಯಬೇಕು. ಸ್ವಲ್ಪ ದೂರ ಓಡಿಸಿ ಬಂದು ಮತ್ತೊಮ್ಮೆ ಪಾನಾ ಹಚ್ಚಿ ನೋಡಬೇಕು.

ಬದಲಿಸದೆ ಹಾಗೇ ಓಡಿಸಿದರೆ?

ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ಮುಂತುದಿ ರಸ್ತೆಗೆ ಬೀಳುತ್ತದೆ. ಓಡುತ್ತಿರುವ ಗಾಡಿಯಲ್ಲಿ ಅದು ನೆಲಕ್ಕೆ ನಾಟಿ ಗಾಡಿಯನ್ನೇ ಎತ್ತಿ ಒಗೆಯಬಹುದು. ಹಿಂದಿನದು ಮುರಿದರೆ ಶಾಫ್ಟ್ ತಿರುಗುತ್ತಲೇ ಇದ್ದು ಬ್ರೇಕ್ ಪೈಪಿಗೆ ಬಡಿಯಬಹುದು. ಸರಕಿನ ಗಾಡಿಯಲ್ಲಿ ಜನರನ್ನು ಹೇರುವುದು ಕಾನೂನಿಗೆ ವಿರುದ್ಧ. ಆದರೂ ಸುಗ್ಗಿಯಲ್ಲಿ ಕಾಯಿ ಬಿಡಿಸಲು ಹೋಗುವ ನಮ್ಮ ಅವ್ವ, ಅಕ್ಕಂದಿರು ಇಂಥ ಗಾಡಿಯ ಹಿಂದೆಯೇ ನಿಂತು ಹೋಗುವುದುಂಟು. ಆ ‘ಟಣ್’ ಸಪ್ಪಳ ಅವರ ಕಾಲ ಕೆಳಗೇ ಇರುತ್ತದೆ.

ಕಾಕಾ ಹೇಳ್ತಾರೆ: “ತಮ್ಮಾ, ಕ್ರಾಸ್ ಒಮ್ಮೆಲೆ ಮುರಿಯೂದು ಕಡಿಮಿ. ಮೊದಲ ಒದರತೈತಿ. ಡ್ರೈವರ್ ಟೇಪ್ ಜೋರ್ ಮಾಡಿದ್ರ ಕೇಳೂದು ಹ್ಯಾಂಗ?”

ನಿಮ್ಮ ಮನೆಯಲ್ಲಿ ಗಾಡಿ ಇಲ್ಲದಿದ್ದರೂ ಟ್ರ್ಯಾಕ್ಟರ್ ರೋಟಾವೇಟರಿನ ಶಾಫ್ಟ್ ನೋಡಿರಿ. ಅದರಲ್ಲೂ ಎರಡು ಕ್ರಾಸ್ ಇವೆ. ಇಂಜಿನ್ ನಿಂತಿದ್ದಾಗ ಮಾತ್ರ ಹತ್ತಿರ ಹೋಗಿರಿ. ಅದು ತಿರುಗುವಾಗ ಧೋತರ, ಸೀರೆಯ ಸೆರಗು ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ವಿಚಾರ ಮಾಡಿರಿ: ಕೆಲವು ಕಾರುಗಳ ಕೆಳಗೆ ಈ ಉದ್ದನೆಯ ಶಾಫ್ಟೇ ಇರುವುದಿಲ್ಲ. ಏಕೆ? (ಸುಳಿವು: ಇಂಜಿನ್ ಎಲ್ಲಿದೆ, ಗಾಡಿಯನ್ನು ಎಳೆಯುವ ಗಾಲಿ ಯಾವುದು ನೋಡಿರಿ.) ಉತ್ತರ ಬರೆದು ಗೋಡೆಪತ್ರಿಕೆಯ ಡಬ್ಬಿಗೆ ಹಾಕಿರಿ.