ಹಳೆಯ ಪದ, ಹೊಸ ನಡೆ

ಹಳೆಯ ಹಾಡನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡಿದರೆ ಅದು ಕೆಡುತ್ತದೆಯೋ, ಉಳಿಯುತ್ತದೆಯೋ? ವಾರ್ಷಿಕೋತ್ಸವ ಹತ್ತಿರ ಬಂದಾಗಲೆಲ್ಲ ನಮ್ಮ ತರಗತಿಯಲ್ಲಿ ಈ ವಾದ ಏಳುತ್ತದೆ. ‘ಹಿರಿಯರ ಪದವನ್ನು ಮುಟ್ಟಬಾರದು’ ಎಂದು ಕೆಲವರು, ‘ಹಾಗೇ ಹಾಡಿದರೆ ಯಾರು ಕೇಳುತ್ತಾರೆ’ ಎಂದು ಕೆಲವರು. ಎರಡು ಉದಾಹರಣೆಗಳನ್ನು ಇಟ್ಟುಕೊಂಡು ನಾನು ಈ ಪ್ರಶ್ನೆಯನ್ನು ನೋಡಿದ್ದೇನೆ. ಒಂದು ನಮ್ಮ ನಾಡಿನದು, ಇನ್ನೊಂದು ಅಮೆರಿಕದ್ದು.

ಮೊದಲು ಒಂದು ಹಾಡಿನಲ್ಲಿ ಏನೇನಿದೆ ಎಂದು ತಿಳಿಯೋಣ. ಅದರಲ್ಲಿ ಮಾತು ಇದೆ, ಧಾಟಿ ಇದೆ, ನಡೆ ಇದೆ. ಧಾಟಿ ಎಂದರೆ ಸ್ವರದ ಏರಿಳಿತ. ನಡೆ ಎಂದರೆ ತಾಳದ ಓಟ. ನಮಗೆ ಗೊತ್ತಿಲ್ಲದೆಯೇ ಕಾಲು ಕುಣಿಯುವಂತೆ ಮಾಡುವುದು ಅದೇ.

ಸಂತ ಶಿಶುನಾಳ ಷರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಇಮಾಮ್ ಸಾಹೇಬರ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಅವರ ತತ್ವಪದಗಳು ಏಕತಾರಿ, ತಾಳಗಳ ಜೊತೆ ಊರೂರಿಗೆ ಹರಡಿದವು. ಮುಂದೆ ಸಿ. ಅಶ್ವಥ್ ಅವರು ಅವುಗಳಿಗೆ ಸುಗಮ ಸಂಗೀತದ ರೂಪ ಕೊಟ್ಟರು. 1990ರಲ್ಲಿ ಟಿ. ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ ಚಿತ್ರದ ಮೂಲಕ ಅವು ಮನೆಮನೆಗೆ ತಲುಪಿದವು. 2008ರಲ್ಲಿ ಮೈಸೂರಿನಲ್ಲಿ ಬೆಳೆದ ಗಾಯಕ, ಗಿಟಾರ್ ವಾದಕ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್‌ನಲ್ಲಿ ಹಿಂದಿ ಹಾಡುಗಳ ನಡುವೆಯೇ ಷರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೋ’ ಪದಗಳನ್ನು ರಾಕ್ ಸಂಗೀತದ ನಡೆಯಲ್ಲಿ ಹಾಡಿದರು. ಕನ್ನಡ ತಿಳಿಯದವರೂ ಆ ಹಾಡುಗಳಿಗೆ ಕುಣಿದರು.

ಇನ್ನೊಂದು ಮಾತು. ಷರೀಫರೂ ಇದೇ ಕೆಲಸ ಮಾಡಿದವರು. ಮೊಹರಂ ಸಮಯದಲ್ಲಿ ಹಾಡುವ ರಿವಾಯತ್ ಪದಗಳನ್ನು ಅವರು ಕಟ್ಟಿದರು. ಅರಬರ ನಾಡಿನ ಕರ್ಬಲಾ ಕಥೆಯನ್ನು ಧಾರವಾಡ ಸೀಮೆಯ ಕನ್ನಡಕ್ಕೆ, ಇಲ್ಲಿನ ಜನರ ಹೆಜ್ಜೆಗೆ ಹೊಂದಿಸಿದರು.

ಈಗ ಅಮೆರಿಕದ ಲೂಸಿಯಾನಾ ರಾಜ್ಯಕ್ಕೆ ಹೋಗೋಣ. 1755ರಿಂದ ಬ್ರಿಟಿಷರು ಇಂದಿನ ಕೆನಡಾದ ಅಕೇಡಿಯಾ ಪ್ರದೇಶದಿಂದ ಫ್ರೆಂಚ್ ಮಾತನಾಡುವ ಜನರನ್ನು ಹೊರದಬ್ಬಿದರು. ಅವರಲ್ಲಿ ಅನೇಕರು ಲೂಸಿಯಾನಾದ ಜೌಗು ನೆಲದಲ್ಲಿ ನೆಲೆಸಿದರು. ಅವರೇ ಕೇಜನ್ ಜನ. ಪಿಟೀಲು, ಅಕಾರ್ಡಿಯನ್ ಅವರ ಮುಖ್ಯ ವಾದ್ಯಗಳು. 1921ರ ರಾಜ್ಯ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನು ಕಡ್ಡಾಯ ಮಾಡಿತು. ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಮನೆಯಲ್ಲಿ ಭಾಷೆ ಕ್ಷೀಣಿಸಿದರೂ ಕುಣಿತದ ಮನೆಗಳಲ್ಲಿ ಹಾಡು ನಿಲ್ಲಲಿಲ್ಲ. ಅಲ್ಲಿಯ ಕಪ್ಪು ಜನರ ಬ್ಲೂಸ್ ಮತ್ತು ಜೈಡೆಕೊ ಸಂಗೀತವೂ ಕೇಜನ್ ಸಂಗೀತದ ನೆರೆಯಲ್ಲೇ ಬೆಳೆದವು. ಈ ಮಣ್ಣಿನ ಗಿಟಾರ್ ವಾದಕ ಸನ್ನಿ ಲ್ಯಾಂಡ್ರೆತ್. ಕಿರುಬೆರಳಿಗೆ ಗಾಜಿನ ಕೊಳವೆ ಹಾಕಿ ತಂತಿಯ ಮೇಲೆ ಜಾರಿಸುತ್ತಾರೆ, ಅದರ ಹಿಂದೆ ಉಳಿದ ಬೆರಳುಗಳಿಂದಲೂ ತಂತಿ ಒತ್ತುತ್ತಾರೆ. ಜೈಡೆಕೊ ದಿಗ್ಗಜ ಕ್ಲಿಫ್ಟನ್ ಶೆನಿಯರ್ ಅವರ ತಂಡದಲ್ಲಿ ನುಡಿಸಿ ಕಲಿತವರು ಇವರು. 2017ರ ‘ರೆಕಾರ್ಡೆಡ್ ಲೈವ್ ಇನ್ ಲಫಾಯೆಟ್’ ಆಲ್ಬಮ್‌ನ ಒಂದು ಭಾಗದಲ್ಲಿ ತಮ್ಮದೇ ಹಳೆಯ ಹಾಡುಗಳನ್ನು ವಿದ್ಯುತ್ ಗಿಟಾರ್ ಬಿಟ್ಟು, ಅಕಾರ್ಡಿಯನ್ ಸೇರಿಸಿ ಹೊಸದಾಗಿ ಕಟ್ಟಿದ್ದಾರೆ.

ಹಾಗಾದರೆ ಏನು ಬೇಕಾದರೂ ಬದಲಾಯಿಸಬಹುದೇ? ಬ್ರಹ್ಮಗಿರಿ ಸುತ್ತಲಿನ ನಮ್ಮ ಊರುಗಳ ಮಾಳಿಗೆ ಮನೆಗಳನ್ನು ನೋಡಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ತುಳಿಯುತ್ತಾರೆ. ಹಾಕದಿದ್ದರೆ ಸೋರುತ್ತದೆ. ಆದರೆ ತೊಲೆಯನ್ನೇ ಕಿತ್ತರೆ ಮನೆ ಬೀಳುತ್ತದೆ. ವಾದ್ಯ, ವೇಗ, ನಡೆ ಇವು ಮೇಲಿನ ಮಣ್ಣಿನ ಹಾಗೆ; ಕಾಲಕಾಲಕ್ಕೆ ಹೊಸದು ಬೇಕು. ಮಾತು ಮತ್ತು ಅದರ ಅರ್ಥ ತೊಲೆಯ ಹಾಗೆ. ಷರೀಫರ ಮಾಳಿಗೆ ನಮ್ಮ ದೇಹ, ನಮ್ಮ ಬದುಕು. ಇದು ತಿಳಿಯದೆ ಬರೀ ಕುಣಿತಕ್ಕೆ ಹಾಡಿದರೆ ಪದ ಅಲ್ಲೇ ಮುಗಿಯಿತು.

ನಮಗೆ ಇದು ದೂರದ ವಿಷಯವಲ್ಲ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿಯದಿದ್ದರೂ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರ ಹಾಡುಗಳನ್ನು ಸಂಗ್ರಹಿಸಿದರು. ಹೀಗೆ ದಾಖಲಾಗದ ಅಜ್ಜಿಯರು ನಮ್ಮ ಹಟ್ಟಿ, ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರು ಹೋದರೆ ಅವರ ಪದವೂ ಹೋಗುತ್ತದೆ. ಹೊಸ ನಡೆ ಹಾಕಲಿಕ್ಕಾದರೂ ಹಳೆಯ ಪದ ಕೈಯಲ್ಲಿರಬೇಕಲ್ಲವೇ?

ಆದ್ದರಿಂದ ಗೆಳೆಯ ಗೆಳತಿಯರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ರಜೆಯಲ್ಲಿ ನಿಮ್ಮ ಮನೆಯ ಅಥವಾ ಬೀದಿಯ ಹಿರಿಯರೊಬ್ಬರಿಂದ ಒಂದು ಪದ ಕೇಳಿ. ಅವರ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ. ಮಾತನ್ನು ತಪ್ಪಿಲ್ಲದೆ ಬರೆದುಕೊಳ್ಳಿ, ಗೊತ್ತಾಗದ ಪದದ ಅರ್ಥ ಅವರನ್ನೇ ಕೇಳಿ, ಯಾರಿಂದ ಕಲಿತಿರೆಂದು ಕೆಳಗೆ ಬರೆಯಿರಿ. ಆಮೇಲೆ ಗಿಟಾರ್ ಹಿಡಿಯಿರಿ, ಕೀಬೋರ್ಡ್ ತನ್ನಿ, ಬೆಂಚು ಬಡಿಯಿರಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಹಾಡುವ ದಿನ ಆ ಹಿರಿಯರನ್ನೂ ಮುಂದಿನ ಸಾಲಿನಲ್ಲಿ ಕೂರಿಸೋಣ.