ಮನೆಗೆ ಬಣ್ಣ ಹೊಡೆಸುವ ಲೆಕ್ಕ



ದೀಪಾವಳಿ, ಯುಗಾದಿ, ಇಲ್ಲವೇ ಮನೆಯಲ್ಲಿ ಮದುವೆ ಬಂತೆಂದರೆ ಮೊದಲು ನೆನಪಾಗುವುದು ಸುಣ್ಣಬಣ್ಣ. ಹಿಂದೆ ಮನೆಮಂದಿಯೇ ಸೇರಿ ಸುಣ್ಣ ಹೊಡೆಯುತ್ತಿದ್ದರು. ಸಿಮೆಂಟ್ ಮನೆಗಳು ಬಂದ ಮೇಲೆ ಪೇಟೆಯಿಂದ ಪೇಂಟರನ್ನು ಕರೆಸುವುದು ಹೆಚ್ಚಾಗಿದೆ. "ಒಳಗೂ ಹೊರಗೂ ಸೇರಿಸಿ ಎಷ್ಟು ತಗೋತೀರಣ್ಣಾ?" ಅಂತ ಮನೆಯವರು ಕೇಳುತ್ತಾರೆ. ಅವರು ಮನೆ ಸುತ್ತ ಒಂದು ಸಲ ನೋಡಿ ಒಂದು ಮೊತ್ತ ಹೇಳುತ್ತಾರೆ. ಮನೆಯವರು ಅದರಲ್ಲಿ ಎರಡು ಸಾವಿರ ಇಳಿಸಿ, ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮಾತು ಮುಗಿಯಿತು. ಜಗಳ ಶುರುವಾಗುವುದು ಆಮೇಲೆ.

ಯಾಕೆಂದರೆ ಅಲ್ಲಿ ಆದದ್ದು ದುಡ್ಡಿನ ಮಾತು ಮಾತ್ರ, ಕೆಲಸದ ಮಾತು ಆಗಲೇ ಇಲ್ಲ. ಬಣ್ಣದ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಕೊನೆಯ ಎರಡು ಕೋಟ್. ಅದಕ್ಕೂ ಮೊದಲು ಹಳೆಯದನ್ನು ಕೆರೆಯಬೇಕು, ಬಿರುಕು ಮುಚ್ಚಬೇಕು, ಪುಟ್ಟಿ ಹಚ್ಚಿ ಎಮರಿ ಪೇಪರಿನಿಂದ ಉಜ್ಜಬೇಕು, ದೂಳು ಒರೆಸಬೇಕು, ಪ್ರೈಮರ್ ಹೊಡೆಯಬೇಕು. ಹೆಚ್ಚು ದಿನ ಹಿಡಿಯುವುದೂ ಹೆಚ್ಚು ಬೆವರು ಸುರಿಯುವುದೂ ಇದಕ್ಕೇ. ಒಟ್ಟು ಮೊತ್ತದಲ್ಲಿ ಎರಡು ಸಾವಿರ ಇಳಿಸಿದರೆ ಅದು ಎಲ್ಲಿ ಕಡಿಮೆಯಾಗುತ್ತೆ ಹೇಳಿ? ಕೆರೆಯುವ ಕೆಲಸದಲ್ಲೇ! ಬಣ್ಣ ಹೊಡೆದ ಮೇಲೆ ಕೆರೆದಿದ್ದಾರೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಮಳೆಗಾಲ ಕಳೆದರೆ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತದೆ. ಇದರಲ್ಲಿ ಪೇಂಟರ್ ಒಬ್ಬರದೇ ತಪ್ಪು ಅನ್ನುವುದು ನ್ಯಾಯವಲ್ಲ.

ಹಳೆಯ ಸುಣ್ಣದ ಗೋಡೆಯ ಮೇಲೆ ಅಂಗೈ ಉಜ್ಜಿ ನೋಡಿ. ಕೈಗೆ ಬಿಳಿ ಪುಡಿ ಅಂಟಿದರೆ ಹೊಸ ಬಣ್ಣ ಹಿಡಿಯುವುದು ಆ ಪುಡಿಯನ್ನೇ ಹೊರತು ಗೋಡೆಯನ್ನಲ್ಲ. ವಿಜ್ಞಾನದ ಪಾಠದಲ್ಲಿ ಓದಿದ್ದೇವಲ್ಲ, ಸುಣ್ಣದ ಕಲ್ಲನ್ನು ಸುಟ್ಟರೆ ಸುಟ್ಟ ಸುಣ್ಣ, ಅದಕ್ಕೆ ನೀರು ಹಾಕಿದರೆ ಅರಳಿದ ಸುಣ್ಣ. ಗೋಡೆಗೆ ಬಳಿದ ಮೇಲೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಿನ ಗುಣಕ್ಕೇ ಬರುತ್ತದೆ. ಸುಣ್ಣದ ಪದರದಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಗೋಡೆಯ ತೇವ ಹೊರಗೆ ಹೋಗುತ್ತದೆ. ಆದ್ದರಿಂದ ಮಣ್ಣಿನ ಗೋಡೆಗೆ ಸುಣ್ಣವೇ ಸರಿ. ಮಣ್ಣಿನ ಗೋಡೆಗೆ ಎನಾಮೆಲ್ ಬಳಿದು ತೇವ ಒಳಗೇ ಕಟ್ಟಿಹಾಕುವುದು ದುಡ್ಡು ಕೊಟ್ಟು ಗೋಡೆ ಕೆಡಿಸಿಕೊಂಡಂತೆ.

ಸಿಮೆಂಟ್ ಗೋಡೆಯಲ್ಲಿ ತೇವ ಇದೆಯೋ ಇಲ್ಲವೋ ನಾವೇ ಪರೀಕ್ಷೆ ಮಾಡಬಹುದು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಗಟ್ಟಿಯಾಗಿ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯದು. ಹೊರಮೈಯಲ್ಲಿ ಮಾತ್ರ ಕಂಡರೆ ಗಾಳಿಯದು. ಗೋಡೆ ಒದ್ದೆ ಇದ್ದರೆ ಮೊದಲು ಸೋರುವ ಕಡೆ ರಿಪೇರಿ, ಆಮೇಲೆ ಬಣ್ಣ. ಹೊಸ ಪ್ಲಾಸ್ಟರಿಗೂ ಇದೇ ಮಾತು, ಕನಿಷ್ಠ ಒಂದು ತಿಂಗಳಾದರೂ ಬಿಡಬೇಕು. ಗೃಹಪ್ರವೇಶದ ಮುಹೂರ್ತ ಯಾರಿಗೂ ಕಾಯುವುದಿಲ್ಲ ಅನ್ನುವುದೇ ಇಲ್ಲಿನ ತೊಂದರೆ!

ಈಗ ಅಳತೆ. ಪೇಂಟರ್ ಚದರ ಅಡಿಗೆ ಇಷ್ಟು ಅಂತ ಹೇಳಿದರೆ ಅಳೆಯುವವರು ಯಾರು? ನಾವೂ ಜೊತೆಗೆ ಟೇಪ್ ಹಿಡಿಯಬೇಕು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಒಂದು ಕೋಣೆ ಎಂದುಕೊಳ್ಳಿ. ಸುತ್ತಳತೆ 44 ಅಡಿ. ಎತ್ತರದಿಂದ ಗುಣಿಸಿದರೆ ಗೋಡೆಗಳು 440 ಚದರ ಅಡಿ. ಮೇಲ್ಛಾವಣಿ 120. ಒಟ್ಟು 560.

ಬಾಗಿಲು ಕಿಟಕಿ ಕಳೆಯಬೇಕೋ ಬೇಡವೋ? ಹೆಚ್ಚು ಜಗಳ ಆಗುವುದು ಇಲ್ಲೇ. ಮನೆಯವರು ಎರಡೂ ಕಡೆ ಕಳೆಯಿರಿ ಅಂತಾರೆ, ಪೇಂಟರ್ ಒಂದು ಕಡೆಯೂ ಬೇಡ ಅಂತಾರೆ. ಕಟ್ಟಡ ಕೆಲಸಗಳ ಅಳತೆಗೆ ಐ.ಎಸ್. 1200 ಎಂಬ ಭಾರತೀಯ ಮಾನಕವಿದೆ. ಅದರ ಪ್ರಕಾರ ಅರ್ಧ ಚದರ ಮೀಟರ್, ಅಂದರೆ ಸುಮಾರು 5 ಚದರ ಅಡಿವರೆಗಿನ ತೆರಪನ್ನು ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್, ಅಂದರೆ ಸುಮಾರು 32 ಚದರ ಅಡಿವರೆಗೆ ಇದ್ದರೆ ಗೋಡೆಯ ಒಂದು ಮುಖದಲ್ಲಿ ಮಾತ್ರ ಕಳೆಯುತ್ತಾರೆ. ಇನ್ನೊಂದು ಮುಖದಲ್ಲಿ ಯಾಕೆ ಬಿಡುತ್ತಾರೆ? ಗೋಡೆ ದಪ್ಪದ ಅಂಚುಗಳಿಗೂ ಬಣ್ಣ ಹೊಡೆಯಬೇಕಲ್ಲ, ಅದನ್ನು ಬೇರೆ ಅಳೆಯುವುದಿಲ್ಲ, ಅದಕ್ಕೆ ಇದು ಸಮ. ನೋಡಿದರೆ ಇಬ್ಬರಿಗೂ ಒಪ್ಪುವ ಲೆಕ್ಕ. ನಮ್ಮ ಕೋಣೆಗೆ 3 ಅಡಿ × 7 ಅಡಿ ಬಾಗಿಲು, 4 ಅಡಿ × 4 ಅಡಿ ಕಿಟಕಿ ಇದ್ದರೆ 21 + 16 = 37. ಒಳಗಡೆ ಕಳೆದರೆ ಉಳಿಯುವುದು 523 ಚದರ ಅಡಿ. ಹೊರಗಡೆ ಕಳೆಯಬಾರದು. ಬಾಗಿಲಿಗೆ ಹೊಡೆಯುವ ಎನಾಮೆಲಿನ ಲೆಕ್ಕ ಬೇರೆ.

ನಯವಾದ ಗೋಡೆಗೆ 1 ಲೀಟರ್ ಎಮಲ್ಷನ್ ಎರಡು ಕೋಟಿಗೆ ಸುಮಾರು 60ರಿಂದ 70 ಚದರ ಅಡಿ ಬರುತ್ತದೆ. ಹಾಗಾದರೆ ಈ ಕೋಣೆಗೆ 8 ಲೀಟರ್, ಅಂದರೆ 4 ಲೀಟರಿನ ಎರಡು ಡಬ್ಬಿ. 4 ಲೀಟರಿನಲ್ಲೇ ಎರಡು ಕೋಟ್ ಮುಗಿಯಿತು ಅಂದರೆ ಎಷ್ಟು ನೀರು ಬೆರೆತಿದೆ ಅಂತ ಕೇಳಬೇಕು.

ಇನ್ನೊಂದು ವಿಷಯ, ನಮ್ಮ ತಮ್ಮ ತಂಗಿಯರಿಗೆ ಸಂಬಂಧಿಸಿದ್ದು. ಬಾಗಿಲು, ಕಿಟಕಿ, ಸರಳುಗಳ ಹಳೆಯ ಎನಾಮೆಲ್ ಬಣ್ಣದಲ್ಲಿ ಸೀಸ ಇರಬಹುದು. ಸೀಸದ ದೂಳು ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರ್‌ನಿಂದ ತಯಾರಕರಿಗೆ ಅದು ಕಡ್ಡಾಯವಾಯಿತು. ಡಬ್ಬಿಯ ಮೇಲೆ ಅದನ್ನು ಬರೆದಿರಬೇಕು, ಓದಿ ತನ್ನಿ. ಆದರೆ ಅದಕ್ಕೂ ಹಿಂದಿನ ಬಣ್ಣ ನಮ್ಮ ಕಿಟಕಿಗಳ ಮೇಲೆ ಇನ್ನೂ ಇದೆ. ಅದನ್ನು ಒಣಗಿದ ಹಾಗೇ ಕೆರೆಯಲು ಬಿಡಬೇಡಿ. ನೀರು ಚಿಮುಕಿಸಿ ಒದ್ದೆ ಎಮರಿಯಿಂದ ಉಜ್ಜಲಿ. ಪೇಂಟರ್ ಮೂಗಿಗೆ ಬಟ್ಟೆ ಸಾಲದು, ಮಾಸ್ಕ್ ಬೇಕು. ಕೂಸುಗಳನ್ನು ಆ ದಿನ ಅಜ್ಜಿ ಮನೆಗೆ ಕಳಿಸಿದರೆ ಒಳ್ಳೆಯದು. ಬಿದ್ದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಬಾಚಿ ತೆಗೆಯಬೇಕು.

ಹೊರಗಿನ ಗೋಡೆಗೆ ಮಳೆ ನಿಂತು ಗೋಡೆ ಒಣಗಿದ ಮೇಲೆಯೇ ಕೈ ಹಾಕಬೇಕು. ಏಣಿ ಗೋಡೆಗೆ 4 ಅಡಿ ಎತ್ತರ ಏರಿದರೆ ಬುಡ 1 ಅಡಿ ದೂರ ಇರಬೇಕು. ಕರೆಂಟ್ ತಂತಿ ಹತ್ತಿರ ಇದ್ದರೆ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ.

ಇಷ್ಟನ್ನೂ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ಅಳತೆ ಹೇಗೆ, ಎಷ್ಟು ಕೋಟ್, ಯಾವ ಬಣ್ಣ, ಸಾಮಾನು ತರುವವರು ಯಾರು, ಸಜ್ಜಾ ಮತ್ತು ಗ್ರಿಲ್ ಸೇರಿದೆಯೋ ಇಲ್ಲವೋ. ದುಡ್ಡನ್ನು ಕಂತಿನಲ್ಲಿ ಕೊಡಿ. ಕೆರೆದು ಪುಟ್ಟಿ ಆದ ದಿನ ಸಂಜೆ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಉಬ್ಬು ತಗ್ಗು ಎಲ್ಲಾ ಕಾಣುತ್ತದೆ. ಸರಿ ಇದ್ದರೆ ಅವತ್ತೇ ಒಂದು ಕಂತು ಕೈಗಿಡಿ. ದಿನಗೂಲಿಯ ಹುಡುಗರಿಗೆ ಅವರೂ ಸಂಜೆಯೇ ಬಟವಾಡೆ ಮಾಡಬೇಕಲ್ಲ.

ಮನೆಲೆಕ್ಕ: 20 ಅಡಿ ಉದ್ದ, 16 ಅಡಿ ಅಗಲ, 10 ಅಡಿ ಎತ್ತರದ ಒಂದು ತರಗತಿ ಕೋಣೆ. 4 ಅಡಿ × 7 ಅಡಿಯ ಒಂದು ಬಾಗಿಲು, 4 ಅಡಿ × 4 ಅಡಿಯ ನಾಲ್ಕು ಕಿಟಕಿ. ಮೇಲ್ಛಾವಣಿ ಬಿಟ್ಟು ಒಳಗೋಡೆಗೆ ಎಷ್ಟು ಚದರ ಅಡಿ ಬಣ್ಣ? ಉತ್ತರವನ್ನು ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಸಿಕ್ಕಿಸಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.